ಕಂಬ ಮುಳುಗಿದ ದಿನದ ಸೊನ್ನೆ

ಹೋದ ತಿಂಗಳು ನಮ್ಮ ಆನ್‌ಲೈನ್ ಬಳಗಕ್ಕೆ ಸೇರಿದ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ನೀವು ಡೇಟಾ ಸೈಂಟಿಸ್ಟ್ ಅಂತ ಎಷ್ಟ್ ವರ್ಷ ಕೆಲಸ ಮಾಡೀರಿ?”

ಒಂದು ದಿನವೂ ಮಾಡಿಲ್ಲ. ನನ್ನ ಹುದ್ದೆಯ ಹೆಸರು ಅಂಕಿಸಂಖ್ಯೆ ಸಹಾಯಕಿ. ಮೂವತ್ತೆರಡು ವರ್ಷ ರೋಣ, ನರಗುಂದ, ಗಜೇಂದ್ರಗಡದ ಸುತ್ತ ಹೊಲದ ಇಳುವರಿ, ಹೊಳೆಯ ನೀರು, ಊರಿನ ದನಕರು ಎಣಿಸಿ ಬರೆದವಳು ನಾನು. ಕೊನೆಯ ಆರು ವರ್ಷ ಅದೇ ಎಣಿಕೆಯನ್ನು ಕಂಪ್ಯೂಟರಿನಲ್ಲಿ ಹೊಸ ವಿಧಾನದಿಂದ ಮಾಡುವುದನ್ನು ಇಂಟರ್ನೆಟ್ಟಿನಲ್ಲಿ, ಮುಖ ಕಾಣದ ಜನರ ನಡುವೆ, ಬೈಸಿಕೊಳ್ಳುತ್ತ ಕಲಿತೆ. ಹೆಸರು ರಜಿಯಾ. ಹುಟ್ಟಿದ್ದು ಗಜೇಂದ್ರಗಡದಲ್ಲಿ, ಅಬ್ಬಾ ಸೀರೆ ನೇಯುವವರ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಕೆಲಸ ಸಿಕ್ಕಮೇಲೆ ರೋಣದಲ್ಲಿ ಮನೆ ಮಾಡಿದೆ. ಕಚೇರಿಯ ಹೆಸರು ಬರೆಯುವುದಿಲ್ಲ. ಅಂಥ ಕಚೇರಿಗಳು ಎಲ್ಲ ಕಡೆಗೂ ಇವೆ, ನಾನು ಹೇಳಲಿರುವ ತಪ್ಪೂ ಎಲ್ಲ ಕಡೆಗೂ ಆಗುತ್ತದೆ.

ಬಡ್ತಿಯ ಕಥೆ ಇಲ್ಲಿಲ್ಲ. ಸಿಕ್ಕದ್ದು ಒಂದೇ, ಅದೂ ತಡವಾಗಿ. ಈ ಕೆಲಸಕ್ಕೆ ಹೊಸದಾಗಿ ಬರುವ ನೀವು ನಾಲ್ಕು ವಾರದ ಕೋರ್ಸು ಮುಗಿಸಿ, ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಬರುತ್ತೀರಿ. ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಮುಂದೆ ಬರುವ ಸಂಖ್ಯೆ ಯಾರ ಕೈಯಿಂದ ಬಂತು ಎಂಬುದನ್ನು ಆ ಕೋರ್ಸು ನಿಮಗೆ ಹೇಳಿರುವುದಿಲ್ಲ. ಅದನ್ನು ಹೇಳುವುದಕ್ಕೆ ಕುಳಿತಿದ್ದೇನೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಪುರ್ತಗೇರಿಗೆ ಬೆಳೆ ಕಟಾವು ಪ್ರಯೋಗಕ್ಕೆ ಹೋಗಿದ್ದೆ. ತಾಲೂಕಿನ ಜೋಳದ ಇಳುವರಿ ಅಂದಾಜು ಮಾಡಲು ಕೆಲವು ಹೊಲಗಳನ್ನು ಆರಿಸಿ, ಒಂದೊಂದರಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡು ಗುರುತಿಸಿ, ಅಷ್ಟನ್ನೇ ಕೊಯ್ದು, ಒಕ್ಕಿ, ತೂಗುತ್ತಿದ್ದೆವು. ಆ ತುಂಡು ಎಲ್ಲಿ ಬೀಳಬೇಕೆಂದು ನಾವೂ ಆರಿಸುವಂತಿಲ್ಲ, ರೈತರೂ ಆರಿಸುವಂತಿಲ್ಲ. ಕಚೇರಿ ಕೊಟ್ಟ ಪಟ್ಟಿಯಿಂದ ಎರಡು ಸಂಖ್ಯೆ ತೆಗೆದು, ಹೊಲದ ಮೂಲೆಯಿಂದ ಅಷ್ಟು ಹೆಜ್ಜೆ ಉದ್ದಕ್ಕೆ, ಅಷ್ಟು ಹೆಜ್ಜೆ ಅಡ್ಡಕ್ಕೆ ನಡೆದು, ಕಾಲು ನಿಂತಲ್ಲಿ ಗೂಟ ಹೊಡೆಯಬೇಕು. ಆ ದಿನ ನನ್ನ ಕಾಲು ಬೇವಿನ ಮರದ ನೆರಳಿನಲ್ಲಿ ನಿಂತಿತು. ಅಲ್ಲಿ ಜೋಳ ಮೊಣಕಾಲಿನ ಎತ್ತರವೂ ಇರಲಿಲ್ಲ.

ಹೊಲದೊಡತಿ ಓಡಿಬಂದಳು. “ಯವ್ವಾ, ಅಲ್ಲಿ ಬ್ಯಾಡ. ಇತ್ಲಾಗ ಬಾ. ಇಲ್ಲಿ ತೆನಿ ನೋಡು ಹ್ಯಾಂಗ ಬಾಗ್ಯಾವು!”

“ನನ್ನ ಕೈಯಾಗ ಇಲ್ಲಬೇ. ಸಂಖ್ಯಾ ಇಲ್ಲೇ ಬಂದೈತಿ.”

“ಸಂಖ್ಯಾಕ್ಕ ಕಣ್ಣ ಅದಾವೇನು? ನಿನಗ ಅದಾವಲ್ಲ!”

ಅಲ್ಲೇ ಕೊಯ್ಯಿಸಿದೆ. ಅವಳು ನನಗೆ ಕುಡಿಯಲು ನೀರೂ ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳಿಗೆ ಹೇಳಬೇಕಿದ್ದ ಉತ್ತರ ಹೊಳೆಯಿತು: ಕಣ್ಣಿಲ್ಲದಿರುವುದೇ ಆ ಸಂಖ್ಯೆಯ ಗುಣ, ಕಣ್ಣಿದ್ದಿದ್ದರೆ ಪ್ರತಿ ಹೊಲದಲ್ಲೂ ಬಾಗಿದ ತೆನೆಯ ಕಡೆಗೇ ನಡೆಯುತ್ತಿತ್ತು. ಆ ಸಂಜೆ ನನ್ನ ಬಗ್ಗೆ ನನಗೆ ಭಾರೀ ಹೆಮ್ಮೆಯಾಯಿತು. ರಜಿಯಾ ಸುಳ್ಳು ಸಂಖ್ಯೆ ಬರೆಯುವವಳಲ್ಲ ಎಂಬ ಹೆಮ್ಮೆ. ಅದು ಬಹಳ ವರ್ಷ ಬಾಳಿತು, ಬಾಳಬಾರದಷ್ಟು ವರ್ಷ.

ಮಲಪ್ರಭೆಯ ದಂಡೆಯ ಊರುಗಳಿಂದ ನಮಗೆ ಹೊಳೆಯ ನೀರಿನ ಲೆಕ್ಕ ಬರುತ್ತಿತ್ತು. ಸೇತುವೆಯ ಹತ್ತಿರ ಗೆರೆ ಎಳೆದ ಒಂದು ಅಳತೆ ಕಂಬ; ದಿನಾ ಮುಂಜಾನೆ ನೀರು ಯಾವ ಗೆರೆಗೆ ನಿಂತಿದೆ ಎಂದು ಊರಿನವರೊಬ್ಬರು ನೋಡಿ ಬರೆದು, ತಿಂಗಳ ಕೊನೆಗೆ ಹಾಳೆ ಕಳಿಸುತ್ತಿದ್ದರು. ಮೆಣಸಗಿ, ಹೊಳೆಮಣ್ಣೂರ ಕಡೆಯ ಒಂದು ಊರಿನಲ್ಲಿ ಆ ಕೆಲಸ ಮಾಡುತ್ತಿದ್ದವನು ಫಕೀರಪ್ಪ, ಶಾಲೆಯ ಜವಾನ. ನಾಲ್ಕನೆಯ ಇಯತ್ತೆ ಓದಿದವನು. ನಮ್ಮ ಕಚೇರಿಗೆ ಬರುವ ಹಾಳೆಗಳಲ್ಲಿ ಒಂದೂ ಚಿತ್ತು ಇಲ್ಲದೆ ಬರುತ್ತಿದ್ದದ್ದು ಅವನದೊಂದೇ.

ಒಂದು ವರ್ಷ ಮಹಾಪೂರ ಬಂತು. ಮೇಲಿನ ಅಣೆಕಟ್ಟಿನ ನೀರು, ಬೆಣ್ಣಿಹಳ್ಳದ ನೀರು ಕೂಡಿ ದಂಡೆಯ ಊರುಗಳಿಗೆ ನುಗ್ಗಿದವು. ಫಕೀರಪ್ಪನ ಆ ತಿಂಗಳ ಹಾಳೆ ತಡವಾಗಿ, ಒಮ್ಮೆ ಒದ್ದೆಯಾಗಿ ಒಣಗಿದ ಗುರುತಿನೊಂದಿಗೆ ಬಂತು. ಹನ್ನೊಂದು ದಿನಗಳ ಎದುರಿಗೆ ಅಂಕಿ ಇರಲಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ “ಕಂಬ ಮುಳುಗೇತಿ” ಎಂದು ಬರೆದಿದ್ದ.

ಆ ವರ್ಷವೇ ನಮ್ಮಲ್ಲಿ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವುದು ಶುರುವಾಗಿತ್ತು. ಪರದೆಯ ಮೇಲಿನ ಚೌಕ ಖಾಲಿ ಬಿಟ್ಟರೆ ಮುಂದೆ ಹೋಗುತ್ತಿರಲಿಲ್ಲ. ಗೆರೆ ಹಾಕಿದರೆ ಕೆಂಪಗಾಗುತ್ತಿತ್ತು. ಅಂಕಿಯೇ ಬೇಕು. ಆಗ ನಮಗೆ ಪಾಟೀಲ ಎಂಬ ಎಳೆ ವಯಸ್ಸಿನ ಅಧಿಕಾರಿ ಇದ್ದರು, ನನಗಿಂತ ಐದಾರು ವರ್ಷ ಸಣ್ಣವರು. ಎದ್ದು ಹೋಗಿ ಕೇಳಿದೆ.

“ಸೊನ್ನಿ ಹಾಕಿ ಮುಂದ ನಡೀರಿ ಮೇಡಂ. ಜಿಲ್ಲಾದಾಗ ನಮ್ಮದೊಂದ ಬಾಕಿ ಅದ.”

“ಸರ್, ಕಂಬ ಮುಳುಗೇತಿ ಅಂತ ಬರದಾನ. ಸೊನ್ನಿ ಹಾಕಿದ್ರ ಹೊಳಿಯಾಗ ನೀರ ಇಲ್ಲ ಅಂದಂಗ ಆಗ್ತೈತಿ.”

“ಗೊತ್ತದರಿ. ಆಮ್ಯಾಲ ತಿದ್ದೂಣು.”

ಹನ್ನೊಂದು ಸಲ ಸೊನ್ನೆ ಒತ್ತಿದೆ. ಪುರ್ತಗೇರಿಯಲ್ಲಿ ಗೂಟ ಸರಿಸದವಳು, ಹೊಳೆಯನ್ನೇ ಒಣಗಿಸಿಬಿಟ್ಟೆ. ಮುಂದಿನ ವರ್ಷ ಪಾಟೀಲರು ವರ್ಗವಾಗಿ ಹೋದರು. ತಿದ್ದುವ ದಿನ ಬರಲಿಲ್ಲ. ಸೊನ್ನೆ ಒತ್ತಿದ್ದಕ್ಕಿಂತ ಅದನ್ನು ಮರೆತದ್ದು ದೊಡ್ಡ ತಪ್ಪು. ಬಹಳ ವರ್ಷ ಮರೆತೇ ಇದ್ದೆ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನನ್ನು ಗದಗಿಗೆ ಎರಡು ದಿನದ ಡೇಟಾ ತರಬೇತಿಗೆ ಕಳಿಸಿದರು. ಯುವಕರು ಯಾರೂ ಹೋಗಲು ಒಪ್ಪಿರಲಿಲ್ಲ, ಅದಕ್ಕೆ. ಮೊದಲ ದಿನ ಭಾಷಣ, ಎರಡನೆಯ ದಿನ ಇನ್ನೂ ದೊಡ್ಡ ಭಾಷಣ. ಕೊನೆಗೆ ಒಂದು ಆನ್‌ಲೈನ್ ವೇದಿಕೆಯ ವಿಳಾಸ ಕೊಟ್ಟು, “ಇಲ್ಲಿ ಸೇರ್ಕೊಂಡ್ರ ಜಗತ್ತಿನ ಮಂದಿ ಎಲ್ಲಾ ಕಲಿಸ್ತಾರ” ಎಂದರು. ನಾನು ಅದನ್ನು ನಂಬಿದೆ.

ನನ್ನ ಮೊದಲ ಪ್ರಶ್ನೆ ಸಣ್ಣದು. ನಮ್ಮ ಕಡತಗಳಲ್ಲಿ ಹೊಳೆಮಣ್ಣೂರನ್ನು ಇಂಗ್ಲಿಷಿನಲ್ಲಿ ಐದು ರೀತಿ ಬರೆದಿದ್ದರು. ಕಂಪ್ಯೂಟರು ಅದನ್ನು ಐದು ಊರು ಎಂದು ಎಣಿಸುತ್ತಿತ್ತು. ಒಂದೇ ಊರು ಎಂದು ತಿಳಿಸುವುದು ಹೇಗೆ? ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ಹತ್ತು ನಿಮಿಷದಲ್ಲಿ ವೇದಿಕೆಯ ನಿರ್ವಾಹಕರು, ಯಾರೂ ಉತ್ತರಿಸದಂತೆ, ಪ್ರಶ್ನೆ ಮುಚ್ಚಿದರು: ಅಸ್ಪಷ್ಟ. ಮತ್ತೆ ಬರೆದೆ, ಮತ್ತೆ ಮುಚ್ಚಿದರು. ಮೂರನೆಯ ಸಲ ಒಬ್ಬ ಮಹಾಶಯ, ಇದು ಮಕ್ಕಳ ಹೋಮ್‌ವರ್ಕ್ ಮಾಡಿಕೊಡುವ ಜಾಗವಲ್ಲ ಎಂದು ಬರೆದ. ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ ಎಂದು ಉತ್ತರಿಸಬೇಕೆನ್ನಿಸಿತು. ಅದರ ಬದಲು ಒಂದು ವಾರ ಸುಮ್ಮನೆ ಕುಳಿತು, ಅಲ್ಲಿ ಯಾರ ಪ್ರಶ್ನೆಗೆ ಉತ್ತರ ಬರುತ್ತದೆ, ಯಾರದನ್ನು ಮುಚ್ಚುತ್ತಾರೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಣಿಸುವುದು ನನ್ನ ಕೆಲಸ ತಾನೇ. ಡೇಟಾದ ಹತ್ತು ಸಾಲು ತೋರಿಸಿದವರಿಗೆ, ತಾವು ಏನು ಮಾಡಿದೆವು, ಏನು ಬರಬೇಕಿತ್ತು, ಏನು ಬಂತು ಎಂದು ಮೂರನ್ನೂ ಹೇಳಿದವರಿಗೆ ಉತ್ತರ ಬರುತ್ತಿತ್ತು. ನಾಲ್ಕನೆಯ ಸಲ ಹಾಗೆಯೇ ಬರೆದೆ. ತನ್ನ ಹೆಸರಿನ ಜಾಗದಲ್ಲಿ ಗೂಬೆಯ ಚಿತ್ರ ಇಟ್ಟುಕೊಂಡ ಯಾರೋ ಒಬ್ಬರು ಆರು ಸಾಲಿನಲ್ಲಿ ದಾರಿ ತೋರಿಸಿದರು. ಆ ಗೂಬೆ ಗಂಡೋ ಹೆಣ್ಣೋ, ಯಾವ ದೇಶವೋ ನನಗೆ ಇಂದಿಗೂ ಗೊತ್ತಿಲ್ಲ. ಕಂಪ್ಯೂಟರಿಗೆ ಲೆಕ್ಕ ಹೇಳುವ ಪೈಥಾನ್ ಭಾಷೆಯನ್ನು ನನಗೆ ಕಲಿಸಿದ ಗುರು ಅದು.

ಕಲಿಯುತ್ತ ಹೋದಂತೆ ಇನ್ನೊಂದು ಕೆಲಸ ಹಚ್ಚಿಕೊಂಡೆ. ಮುಚ್ಚಿಸಿಕೊಂಡ ಪ್ರಶ್ನೆಗಳನ್ನು ಹುಡುಕಿ, ಕೇಳಿದವರಿಗೆ ನೇರವಾಗಿ ಸಂದೇಶ ಕಳಿಸಿ, ಹೀಗೆ ಕೇಳಿ ಎಂದು ತಿದ್ದಿಕೊಡುವುದು. ನಿರ್ವಾಹಕರಿಗೆ ಅದು ಸರಿಬರಲಿಲ್ಲ. ನಿಯಮದಲ್ಲಿ ಎಲ್ಲಿ ಬೇಡವೆಂದಿದೆ ತೋರಿಸಿ ಎಂದೆ. ತೋರಿಸಲಿಲ್ಲ, ನಾನೂ ಬಿಡಲಿಲ್ಲ.

ಹೀಗಿರುವಾಗ ಒಂದು ದಿನ ಫೋನು ಬಂತು. “ಅಕ್ಕಾರ, ನೀವು ಖರೇನ ರೋಣದವ್ರೇನ್ರಿ? ನಾ ಇಲ್ಲೇ ನರಗುಂದದಾಗ ಅದೀನ್ರಿ.” ಅವಳು ಸವಿತಾ, ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ವೇದಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಊರು ನೋಡಿ, ಪರಿಚಯದವರಿಂದ ನಂಬರು ಹುಡುಕಿ ಮಾಡಿದ್ದಳು. ಗಣಿತದಲ್ಲಿ ನಾನು ಅವಳ ಕಾಲಿನ ಧೂಳಿಗೂ ಸಮನಲ್ಲ. ಅವಳಿಗೆ ಹೊಲ, ಹೊಳೆ, ಕಡತ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಕನ್ನಡದಲ್ಲಿ ಒಂದು ಬಳಗ ಕಟ್ಟಿದೆವು. ವಾರಕ್ಕೆರಡು ಸಂಜೆ ಪಾಠ, ಉಳಿದ ದಿನ ಪ್ರಶ್ನೋತ್ತರ. ಗಜೇಂದ್ರಗಡದ ನರ್ಸ್ ಒಬ್ಬಳು ಬಂದಳು, ಬಸ್ ಡಿಪೋದ ಗುಮಾಸ್ತರೊಬ್ಬರು ಬಂದರು, ಮೂರೂ ಊರಿನ ಡಿಗ್ರಿ ಹುಡುಗಿಯರು ಬಂದರು. ಇಲ್ಲಿ ಪ್ರಶ್ನೆ ಮುಚ್ಚುವಂತಿಲ್ಲ ಎಂಬುದೊಂದೇ ನಿಯಮ.

ದೊಡ್ಡ ವೇದಿಕೆಯಲ್ಲಿ ಯಾರೋ ನಕ್ಕರು. ಕನ್ನಡದಲ್ಲಿ ಡೇಟಾ ಸೈನ್ಸ್ ಕಲಿತು ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಬರೆದೆ: “ನಮ್ಮ ಹೊಳೆ ಯಾವ ಭಾಷೆಯಲ್ಲಿ ಏರುತ್ತದೆಯೋ ಆ ಭಾಷೆಯಲ್ಲಿ ಕಲಿಯುತ್ತಿದ್ದೇವೆ.” ಸವಿತಾ ಅದನ್ನು ಬಳಗದ ಪುಟದ ಮೇಲ್ಗಡೆ ಅಂಟಿಸಿದಳು.

ನನ್ನ ನಿವೃತ್ತಿಗೆ ಎಂಟು ತಿಂಗಳಿದ್ದಾಗ ಅದೇ ವೇದಿಕೆಯಲ್ಲಿ ಒಂದು ಸಂಶೋಧನಾ ಸಂಸ್ಥೆ ಸ್ಪರ್ಧೆ ಇಟ್ಟಿತು. ಮಲಪ್ರಭೆಯ ದಂಡೆಯ ಊರುಗಳ ಹಳೆಯ ಮಳೆ ಮತ್ತು ನೀರಿನ ಲೆಕ್ಕ ಕೊಟ್ಟು, ಮೇಲೆ ಇಷ್ಟು ಮಳೆಯಾದರೆ ಯಾವ ಊರಿನಲ್ಲಿ ನೀರು ಎಷ್ಟು ಏರುತ್ತದೆ ಎಂದು ಕಲಿತು ಹೇಳುವ ಕಂಪ್ಯೂಟರ್ ಮಾಡೆಲ್ ಕಟ್ಟಲು ಕೇಳಿದ್ದರು. ಗೆದ್ದ ಮಾಡೆಲ್ಲುಗಳಿಂದ ಪೂರದ ಮುನ್ನೆಚ್ಚರಿಕೆ ಫೋನು ಯಾವ ಊರಿಗೆ ಮೊದಲು ಹೋಗಬೇಕೆಂಬ ಪಟ್ಟಿ ತಯಾರಾಗುತ್ತದೆ ಎಂದು ಅಲ್ಲೇ ಬರೆದಿತ್ತು. ನಮ್ಮದೇ ಹೊಳೆ, ನಮ್ಮವೇ ಊರುಗಳು! ಬಳಗದ ಪರವಾಗಿ ಸವಿತಾ ಇಳಿದಳು. ಎರಡು ತಿಂಗಳಲ್ಲಿ ಎಲ್ಲೆಲ್ಲಿಯ ಮಂದಿಯನ್ನೋ ದಾಟಿ ಹದಿನಾಲ್ಕನೆಯ ರ‍್ಯಾಂಕಿಗೆ ಬಂದಳು. ಬಳಗದಲ್ಲಿ ಹಬ್ಬ.

ಒಂದು ಸಂಜೆ ಅವಳು ತನ್ನ ಮಾಡೆಲ್ಲಿನ ಪಟ್ಟಿ ಕಳಿಸಿ, “ಅಕ್ಕಾರ, ಊರಿನ ಹೆಸರು ಒಮ್ಮಿ ನೋಡಿಕೊಡ್ರಿ” ಎಂದಳು. ಮೇಲಿನಿಂದ ಓದುತ್ತ ಬಂದೆ. ಎಲ್ಲಕ್ಕಿಂತ ಕೆಳಗೆ, ಎಂಥ ಮಳೆಗೂ ಅಪಾಯವಿಲ್ಲದ ಊರು ಎಂದು, ಫಕೀರಪ್ಪನ ಊರು ಕುಳಿತಿತ್ತು.

ಆ ಊರು ಮುಳುಗಿದ್ದು ನಮ್ಮ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಡೇಟಾ ತೆಗೆದು ಆ ವರ್ಷ, ಆ ತಿಂಗಳು ನೋಡಿದೆ. ಹನ್ನೊಂದು ಸೊನ್ನೆ, ಸಾಲಾಗಿ. ಮೇಲೆ ಮಳೆ ಹೆಚ್ಚಾದಷ್ಟೂ ಈ ಊರಿನಲ್ಲಿ ನೀರು ಸೊನ್ನೆಗಿಳಿಯುತ್ತದೆ ಎಂದು ನಾನು ಕಲಿಸಿದ್ದೆ, ಮಾಡೆಲ್ಲು ಕಲಿತಿತ್ತು. ಅಂಕ ಕೊಡಲು ಸಂಸ್ಥೆ ಬಚ್ಚಿಟ್ಟುಕೊಂಡ ಸರಿಯುತ್ತರಗಳೂ ನಮ್ಮ ಕಚೇರಿಯ ಅದೇ ಕಡತದಿಂದ ಬಂದಂಥವು. ಆದ್ದರಿಂದ ತಪ್ಪನ್ನು ಚೆನ್ನಾಗಿ ಕಲಿತವರಿಗೇ ಅಂಕ ಹೆಚ್ಚು.

ಮರುದಿನ ರಜೆ ಹಾಕಿ ಫಕೀರಪ್ಪನ ಊರಿಗೆ ಹೋದೆ. ಎಪ್ಪತ್ತು ದಾಟಿದ್ದ. ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ನಾನು ಏನು ಮಾಡಿದೆನೆಂದು ಅಡ್ಡ ಸುತ್ತದೆ ಹೇಳಿದೆ. ಹಗ್ಗ ಕೆಳಗಿಟ್ಟ.

“ನಾ ಸೊನ್ನಿ ಬರದಿದ್ದಿಲ್ರಿ ಮೇಡಂ.”

“ಇಲ್ಲ ಫಕೀರಪ್ಪ. ನೀ ಗೆರಿ ಎಳದಿದ್ದಿ.”

“ಸೊನ್ನಿ ಅಂದ್ರ, ನಾ ನೋಡೀನಿ, ನೀರ ಇಲ್ಲ ಅಂತ ಅರ್ಥ. ಗೆರಿ ಅಂದ್ರ ನನಗ ನೋಡಾಕ ಆಗಿಲ್ಲ ಅಂತ. ಎರಡ ದಿನಾ ಸಾಲಿ ಮಾಳಗಿ ಮ್ಯಾಲ ಇದ್ವಿ. ಮುಂದ ಗಂಜಿ ಕೇಂದ್ರದಾಗ. ಅಲ್ಲಿಂದ ಕಂಬ ಎಲ್ಲಿ ಕಾಣಬೇಕ್ರಿ?” ಒಳಗೆ ಹೋಗಿ ಟ್ರಂಕಿನಿಂದ ಒಂದು ವಹಿ ತಂದ. ಕಚೇರಿಗೆ ಕಳಿಸಿದ್ದರ ನಕಲನ್ನು ಪ್ರತಿ ತಿಂಗಳೂ ತನಗಾಗಿ ಬರೆದಿಟ್ಟುಕೊಂಡಿದ್ದ. “ಈಗ ಇದನ್ನ ಯಾರ ನೋಡಾಕತ್ತಾರ?”

“ಹೊಳಿ ಏರೂ ಮೊದ್ಲ ಯಾವ ಊರಿಗೆ ಫೋನ್ ಮಾಡಬೇಕಂತ ಪಟ್ಟಿ ಮಾಡಾಕತ್ತಾರ.”

“ನಮ್ಮೂರು ಎಷ್ಟನೇದೈತ್ರಿ?”

“ಕಡೀದು.”

ಅವನು ನಕ್ಕ. ದೊಡ್ಡದಾಗಿ, ಒಳಗಿನಿಂದ ಸೊಸೆ ಹೊರಗೆ ಬಂದು ನೋಡುವಷ್ಟು ದೊಡ್ಡದಾಗಿ ನಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವಿನ ಮುಂದೆ ತಲೆ ಎತ್ತಲಾಗಲಿಲ್ಲ. ವಹಿಯ ಫೋಟೊ ತೆಗೆದುಕೊಳ್ಳುತ್ತೇನೆ ಎಂದೆ. “ತಕ್ಕೋರಿ. ನನ್ನ ಹೆಸರೂ ಹಾಕ್ರಿ” ಎಂದ.

ಸಂಜೆ ಸವಿತಾಳಿಗೆ ಫೋನಿನಲ್ಲಿ ಎಲ್ಲ ಹೇಳಿ, ವೇದಿಕೆಯಲ್ಲಿ ಬರೆಯುತ್ತೇನೆ ಎಂದೆ.

“ಬರೀಬ್ಯಾಡ್ರಿ ಅನ್ನಂಗಿಲ್ಲ ಅಕ್ಕಾರ. ಇನ್ನ ಹದಿನೈದ ದಿವ್ಸ ತಡೀರಿ. ಸ್ಪರ್ಧಾ ಮುಗೀಲಿ.”

“ಮುಗದ ಮ್ಯಾಲ ಯಾರ ಓದ್ತಾರ ಸವಿತಾ?”

“ಒಂಬತ್ತ ವರ್ಷ ಆತ್ರಿ ನಾ ಅತಿಥಿ ಉಪನ್ಯಾಸಕಿ ಆಗಿ. ವರ್ಷಾ ತಗೋತಾರ, ವರ್ಷಾ ಕಳಸ್ತಾರ. ನನ್ನ ಹೆಸರಿನ ಮುಂದ ಬಂದಿದ್ದು ಅಂದ್ರ ಇದೊಂದ ರ‍್ಯಾಂಕ್. ತಪ್ಪ ಮಾಡಿದವ್ರು ನೀವು. ದಂಡಾ ನನಗ್ಯಾಕ್ರಿ?”

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. “ನಿನ್ನ ಹೆಸರು, ಬಳಗದ ಹೆಸರು ಎಲ್ಲೂ ಹಾಕೂದಿಲ್ಲ. ನನ್ನ ಹೆಸರಿಲೆ ಬರೀತೀನಿ” ಎಂದೆ. ಅವಳು ಫೋನಿಟ್ಟಳು.

ಬರೆದದ್ದು ಚಿಕ್ಕದು. ಮೊದಲು ಕನ್ನಡದಲ್ಲಿ, ಕೆಳಗೆ ನನ್ನ ಇಂಗ್ಲಿಷಿನಲ್ಲಿ. ಈ ಊರಿನ ಈ ಹನ್ನೊಂದು ಸೊನ್ನೆಗಳು ಸುಳ್ಳು. ಆ ದಿನಗಳಲ್ಲಿ ಅಳತೆ ಕಂಬ ನೀರಿನೊಳಗಿತ್ತು. ಸೊನ್ನೆ ಹಾಕಿದವಳು ನಾನು. ನೋಡಿದವನು ಫಕೀರಪ್ಪ, ಅವನು ಬರೆದಿಟ್ಟ ವಹಿಯ ಪುಟ ಇಲ್ಲಿದೆ. ಇಂಥ ಸೊನ್ನೆಗಳು ಬೇರೆ ಊರುಗಳಲ್ಲೂ ಇರಬಹುದು. ಇದನ್ನು ನಂಬಿ ಪಟ್ಟಿ ಮಾಡಬೇಡಿ. ಮೇಲಿನವರು ಹೇಳಿದರು ಎಂದು ಬರೆಯಲಿಲ್ಲ. ಒತ್ತಿದ ಬೆರಳು ನನ್ನದು.

ಮೊದಲು ಬಂದವರು ನಕ್ಕವರು. ರ‍್ಯಾಂಕು ಸಿಗದವರ ಹೊಟ್ಟೆಯುರಿ ಎಂದರು. ಒಬ್ಬ, ಅಂಥ ಗುಮಾಸ್ತರನ್ನು ಕೆಲಸದಿಂದ ತೆಗೆಯಬೇಕು ಎಂದ. ಇನ್ನೊಬ್ಬ, ಒಂದು ಊರಿನ ಹನ್ನೊಂದು ಸಾಲಿನಿಂದ ಏನಾಗುತ್ತದೆ ಎಂದು ಕೇಳಿದ. ಅವನಿಗೆ ಮಾತ್ರ ಉತ್ತರ ಕೊಟ್ಟೆ: “ಆ ಸಾಲುಗಳೊಳಗೆ ಮನೆಗಳಿವೆ.” ನಾಲ್ಕು ತಾಸಿನೊಳಗೆ ಆಯೋಜಕರು, ಕೊಟ್ಟ ಡೇಟಾ ಕೊಟ್ಟಂತೆಯೇ ಅಂತಿಮ ಎಂದು ಬರೆದು ಚರ್ಚೆಗೆ ಬೀಗ ಹಾಕಿದರು.

ಮಾರನೆಯ ದಿನ ಗೂಬೆಯ ಸಂದೇಶ ಬಂತು. ವಹಿಯ ಎಲ್ಲ ಪುಟಗಳ ಫೋಟೊ ಕೇಳಿತ್ತು. ಕಳಿಸಿದೆ. ಮೂರು ದಿನದಲ್ಲಿ ಗೂಬೆ ಆ ಸೊನ್ನೆಗಳನ್ನು ‘ಗೊತ್ತಿಲ್ಲ’ ಎಂದು ಬದಲಿಸಿ, ಮುಳುಗುವ ಮೊದಲಿನ ಮತ್ತು ನಂತರದ ದಿನಗಳಿಂದ ಮತ್ತೆ ಲೆಕ್ಕ ಹಾಕಿ, ಫಲಿತಾಂಶವನ್ನು ವೇದಿಕೆಯಲ್ಲೇ ಹಾಕಿತು. ಕೊನೆಯಲ್ಲಿದ್ದ ಊರು ಎರಡನೆಯದಾಗಿತ್ತು. ಅದಕ್ಕೂ ಬೀಗ ಬಿತ್ತು. ಗೂಬೆ ಮತ್ತೆ ಹಾಕಿತು. ಬೀಗ ಹಾಕುವವರಿಗಿಂತ ಅದರ ಸಹನೆ ಹೆಚ್ಚಿತ್ತು. ಅಷ್ಟರಲ್ಲಿ ಬೇರೆ ರಾಜ್ಯದ ಇಬ್ಬರು, ನಮ್ಮ ಹೊಳೆಯ ಲೆಕ್ಕದಲ್ಲೂ ಹೀಗೇ ಇದೆ ಎಂದು ಬರೆಯತೊಡಗಿದರು.

ಈ ಸುದ್ದಿ ಕಚೇರಿಗೆ ಮುಟ್ಟಿತು. ಆಗ ನಮ್ಮ ಜಿಲ್ಲೆಯ ಮುಖ್ಯಸ್ಥರಾಗಿ ಬಂದಿದ್ದವರು ಅದೇ ಪಾಟೀಲರು. ಕೆಟ್ಟ ಮನುಷ್ಯರಲ್ಲ. ಕರೆಸಿ ಬಾಗಿಲು ಹಾಕಿಸಿದರು.

“ಇದನ್ನ ಇವತ್ತ ಅಳಸ್ರಿ ಮೇಡಂ.”

“ಆಗೂದಿಲ್ರಿ ಸರ್.”

“ಸರ್ಕಾರಿ ದಾಖಲಿ ಸುಳ್ಳು ಅಂತ ಜಗತ್ತಿಗೆಲ್ಲಾ ಸಾರೀರಿ. ಗೊತ್ತದ ಏನು?”

“ದಾಖಲಿ ಸುಳ್ಳು ಅನಲಿಲ್ರಿ. ಅದರಾಗ ನಾ ಸುಳ್ಳು ಹಾಕೀನಿ ಅಂದೆ. ಆಮ್ಯಾಲ ತಿದ್ದೂಣು ಅಂದಿದ್ರಿ ಸರ್. ತಿದ್ದಾಕತ್ತೀನಿ.”

ಅವರ ಮುಖ ಸಣ್ಣಗಾಯಿತು. “ನನ್ನ ಹೆಸರು…?”

“ಹಾಕಿಲ್ರಿ. ಹಾಕೂದೂ ಇಲ್ಲ.”

ಆದರೂ ಮೂರನೆಯ ದಿನ ನೋಟಿಸು ಬಂತು. ಅನುಮತಿಯಿಲ್ಲದೆ ಇಲಾಖೆಯ ವಿಷಯ ಬಹಿರಂಗಪಡಿಸಿದ್ದಕ್ಕೆ ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು, ಕಾರಣ ತಿಳಿಸಿ. ಮನೆಯಲ್ಲಿ ನಮ್ಮ ಯಜಮಾನರು ಓದಿ, “ಇಷ್ಟ ವರ್ಷ ಸುಮ್ನ ಇದ್ದಾಕಿ, ಇನ್ನೊಂದ್ ಆರು ತಿಂಗಳು ಸುಮ್ನಿರಾಕ ಆಗ್ಲಿಲ್ಲಲ್ಲ” ಎಂದರು. 

“ಇಷ್ಟ ವರ್ಷ ಸುಮ್ನಿದ್ದದ್ದ ತಪ್ಪಾತು” ಎಂದೆ. ಉತ್ತರ ಒಂದೇ ವಾಕ್ಯದಲ್ಲಿ ಬರೆದುಕೊಟ್ಟೆ: “ಊರು ಮುಳುಗಿದ ದಿನ ಹೊಳೆಯಲ್ಲಿ ನೀರಿರಲಿಲ್ಲ ಎಂದು ಬರೆದವಳು ನಾನಾದ್ದರಿಂದ, ನೀರಿತ್ತು ಎಂದು ಹೇಳುವ ಹೊಣೆಯೂ ನನ್ನದೆಂದು ತಿಳಿದು ಹೇಳಿದ್ದೇನೆ.” ಕಚೇರಿಯಲ್ಲಿ ಕೆಲವರು ನನ್ನ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಒಬ್ಬಳೇ ಕುಡಿದೆ.

ಸ್ಪರ್ಧೆ ಅದೇ ಡೇಟಾದ ಮೇಲೆ ಮುಗಿಯಿತು. ಬಹುಮಾನಗಳನ್ನೂ ಕೊಟ್ಟರು. ಸವಿತಾ ಹನ್ನೆರಡನೆಯ ಸ್ಥಾನದಲ್ಲಿದ್ದಳು. ಹೆಸರಿನ ಪಟ್ಟಿಯಲ್ಲಿ ನರಗುಂದ ಎಂಬ ಅಕ್ಷರ ನೋಡಿ, ನಿಜ ಹೇಳಬೇಕೆಂದರೆ, ನನಗೆ ಖುಷಿಯಾಯಿತು. ಅವಳು ಮಾತು ಬಿಟ್ಟು ತಿಂಗಳಾಗಿತ್ತು. ಒಂದು ಭಾನುವಾರ ಬಸ್ಸಿಳಿದು ನೇರ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು:

“ಸರ್ಟಿಫಿಕೇಟ್ ಇಟ್ಕೊಂಡೀನ್ರಿ ಅಕ್ಕಾರ. ಹೊಳ್ಳಿ ಕೊಡೂದಿಲ್ಲ.”

“ಯಾಕ್ ಕೊಡ್ತಿ? ದುಡದೀದಿ.”

“ಖರೇ ಅಂದ್ರೂ ಅದನ್ನ ನೋಡಿದಾಗೆಲ್ಲಾ ಆ ಊರು ನೆನಪಾಗ್ತೈತ್ರಿ.” ಚೀಲದಿಂದ ನಕಾಶೆ ತೆಗೆದು ನೆಲದ ಮೇಲೆ ಹಾಸಿದಳು. ಅಳತೆ ಕಂಬವಿದ್ದ ಊರುಗಳಿಗೆಲ್ಲ ಗುರುತು ಹಾಕಿದ್ದಳು. “ಇನ್ನೂ ಎಷ್ಟ ಮಂದಿ ಮನ್ಯಾಗ ಇಂಥಾ ವಹಿ ಇರಬೇಕ್ರಿ? ಹೋಗೂಣ?”

ಹೋದೆವು. ಬಳಗದವರೆಲ್ಲ ರಜೆಯ ದಿನ ಒಬ್ಬೊಬ್ಬರು ಒಂದೊಂದು ಊರು ಹಂಚಿಕೊಂಡು ಹೋದರು. ಕೆಲವು ಮನೆಗಳಲ್ಲಿ ವಹಿ ಸಿಕ್ಕಿತು, ಕೆಲವು ಕಡೆ ಪೂರದಲ್ಲೇ ಹೋಗಿತ್ತು. ಒಂದು ಮನೆಯವರು ನಮ್ಮನ್ನು ಯಾವುದೋ ಸಾಲದ ಕಂಪನಿಯವರೆಂದು ತಿಳಿದು ಬಾಗಿಲೇ ತೆಗೆಯಲಿಲ್ಲ. ಸಿಕ್ಕಷ್ಟನ್ನು ಸವಿತಾ ಹೊಸ ಪಟ್ಟಿಯಾಗಿ ಕೂಡಿಸಿದಳು. ಪ್ರತಿ ಅಂಕಿಯ ಪಕ್ಕ ನೋಡಿದವರ ಹೆಸರು. ನೋಡಲಾಗದ ದಿನ ‘ನೋಡಲಾಗಲಿಲ್ಲ’ ಎಂಬ ಪದ, ಕಾರಣದೊಂದಿಗೆ. ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ವೇದಿಕೆಯಲ್ಲಿ ಇಟ್ಟೆವು. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಆ ಸಂಸ್ಥೆ ತನ್ನ ಡೇಟಾದ ‘ಎರಡನೆಯ ಆವೃತ್ತಿ’ ಹೊರತಂದಿತು. ನಮ್ಮ ಪಟ್ಟಿ ಪೂರಾ ಅದರೊಳಗಿತ್ತು. ನಮ್ಮ ಹೆಸರು ಎಲ್ಲೂ ಇರಲಿಲ್ಲ. ಬಳಗದ ಹುಡುಗಿಯರು ಸಿಟ್ಟಾದರು. ಜಗಳವಾಡೋಣ ಎಂದೆ, ಆಡಿದೆವು. ಮೂರನೆಯ ಪತ್ರಕ್ಕೆ ಅವರು ಫಕೀರಪ್ಪನ ಹೆಸರನ್ನೂ ಉಳಿದ ಕಂಬ ನೋಡುವವರ ಹೆಸರುಗಳನ್ನೂ ಸೇರಿಸಿದರು. ನನ್ನದನ್ನು ಸೇರಿಸಿ ಎಂದು ನಾನು ಕೇಳಲಿಲ್ಲ.

ಶ್ರಾವಣದಲ್ಲಿ ಹೊಳೆ ಏರಿತು. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಫಕೀರಪ್ಪನ ಸೊಸೆ ಫೋನು ಮಾಡಿದಳು. “ಮೇಡಂ, ಫೋನ್ ಬಂದೈತ್ರಿ, ನೀರ ಬರ್ತೈತಿ ಹೊಂಡ್ರಿ ಅಂತ. ದನಾ ಹೊಡಕೊಂಡು ಹೊಂಟೀವಿ. ಮಾವಾರು ನಿಮಗ ಹೇಳಂದ್ರು.” ಸಂಜೆಗೆ ಅವರ ಓಣಿಯಲ್ಲಿ ಸೊಂಟಮಟ ನೀರು. ಆ ಹೊತ್ತಿಗೆ ಮನೆಗಳಲ್ಲಿ ಯಾರೂ ಇರಲಿಲ್ಲ.

ಆ ತಿಂಗಳ ಕೊನೆಯ ದಿನ ನನ್ನ ನಿವೃತ್ತಿ. ಶಾಲು, ಹಾರ, ಪೇಢೆ, ಎರಡು ಭಾಷಣ. ಎಲ್ಲ ಮುಗಿದ ಮೇಲೆ ಪಾಟೀಲರು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಮೇಜಿನ ಮೇಲೆ ನನ್ನ ಸೇವಾ ಪುಸ್ತಕ ಇತ್ತು, ಅದರಲ್ಲಿ ಆ ನೋಟಿಸು.

“ಮೇಡಂ, ಕ್ರಮಾ ಏನೂ ತಗೊಂಡಿಲ್ಲ. ಈ ಕಾಗದ ಇದರಾಗ ಇರೂದು ಬ್ಯಾಡ. ತಪ್ಪು ತಿಳುವಳಿಕಿಯಿಂದ ಆತು ಅಂತ ಒಂದ ಸಾಲ ಬರದ ಕೊಡ್ರಿ. ತಗದಬಿಡ್ತೀನಿ. ಮೂವತ್ತೆರಡು ವರ್ಷ ಚಲೋ ಕೆಲಸ ಮಾಡೀರಿ, ಸ್ವಚ್ಛ ಪುಸ್ತಕ ತಗೊಂಡ ಹೋಗ್ರಿ.”

ಅವರು ಮನಸ್ಸಿನಿಂದಲೇ ಹೇಳುತ್ತಿದ್ದರು. ಅದು ನನಗೂ ಕಂಡಿತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು ಹಾಳೆಗಳನ್ನು ತಿರುವಿದೆ. ಸೇರಿದ ದಿನಾಂಕ, ರಜೆಗಳು, ವೇತನ ಬಡ್ತಿಗಳು. ಮೂವತ್ತೆರಡು ವರ್ಷದಲ್ಲಿ ನಾನು ಏನು ಮಾಡಿದೆ ಎಂದು ತಿಳಿಸುವ ಕಾಗದ ಅದರಲ್ಲಿ ಆ ನೋಟಿಸೂ ಅದರ ಹಿಂದೆ ಲಗತ್ತಿಸಿದ ನನ್ನ ಉತ್ತರವೂ ಬಿಟ್ಟರೆ ಇನ್ನೊಂದು ಇರಲಿಲ್ಲ.

“ಇರಲಿ ಬಿಡ್ರಿ ಸರ್” ಎಂದೆ. “ತಗೀಬ್ಯಾಡ್ರಿ.”

“ಹಠಮಾರಿ ಅದೀರಿ ನೀವು.”

“ಹೌದ್ರಿ.”

ನೋಟಿಸಿನ ಕೆಳಗೆ ಪುಟಸಂಖ್ಯೆ ಹಾಕಿರಲಿಲ್ಲ. ಅವರ ಪೆನ್ನು ಕೇಳಿ ತೆಗೆದುಕೊಂಡು, ಯಾರಾದರೂ ಆ ಹಾಳೆ ಕಿತ್ತರೆ ಗೊತ್ತಾಗುವಂತೆ ಸಂಖ್ಯೆ ಹಾಕಿದೆ. ಅವರು ನೋಡುತ್ತ ಕುಳಿತರು. ಶಾಲು ಮಡಚಿ ಕೈಚೀಲದಲ್ಲಿ ಹಾಕಿಕೊಂಡು ಹೊರಗೆ ಬಂದೆ.